ಮಳೆಗಾಲದಲ್ಲಿ ಡಿಶ್ ಅಂಟೆನಾ: ತೇವದಿಂದ ಸಂಕೇತ ಕೆಡುವುದೇಕೆ, ಕಾಯುವುದೆಂತು?



ಮೃಗಶಿರದ ಮಳೆ ಬಿದ್ದು ಭೂಮಿ ಹದವಾಗುವ ಕಾಲವೇ ನಮ್ಮ ಶಾಲೆಗಳು ಬಾಗಿಲು ತೆರೆಯುವ ಕಾಲವೂ ಹೌದು. ಹೊಲದಲ್ಲಿ ತೊಗರಿ, ಹೆಸರು ಬಿತ್ತನೆಯಾಗುತ್ತಿರುವಾಗ ಶಾಲೆಯಲ್ಲಿ ಅಕ್ಷರದ ಬಿತ್ತನೆ ನಡೆಯುತ್ತದೆ. ಈ ಎರಡನೆಯ ಬಿತ್ತನೆಗೆ ಈಗ ಆಕಾಶದಿಂದಲೂ ನೆರವು ಬರುವುದುಂಟು. ೨೦೨೦ರಲ್ಲಿ ಕೊರೋನಾ ರೋಗದ ಭಯದಿಂದ ಶಾಲೆಗಳು ಮುಚ್ಚಿದ್ದಾಗ, ಕರ್ನಾಟಕದಲ್ಲಿ ಜುಲೈ ತಿಂಗಳಿನಿಂದ ದೂರದರ್ಶನದ ಚಂದನ ವಾಹಿನಿಯಲ್ಲಿ ಪಾಠಗಳು ಪ್ರಸಾರವಾದವು. ತೆಲಂಗಾಣದಲ್ಲಿ ಸೆಪ್ಟೆಂಬರ್ ೧ರಿಂದ ದೂರದರ್ಶನ ಯಾದಗಿರಿ ಮತ್ತು ಟಿ-ಸ್ಯಾಟ್ ವಾಹಿನಿಗಳ ಮೂಲಕ ಪಾಠಗಳು ಮೊದಲಾದವು. ಎರಡೂ ಮಳೆಗಾಲದ ತಿಂಗಳುಗಳೇ ಎಂಬುದನ್ನು ಗಮನಿಸಬೇಕು.

ಉಪಗ್ರಹದಿಂದ ಬರುವ ಕನ್ನಡ ಪಾಠವನ್ನು ರಾಜ್ಯದ ಗಡಿ ತಡೆಯಲಾರದು. ಸಿರ್ಗಾಪುರದ ಮಾಳಿಗೆಯ ಮೇಲಿನ ಡಿಶ್ಶಿಗೂ ಬೆಂಗಳೂರಿನ ಮನೆಯ ಡಿಶ್ಶಿಗೂ ಅದು ಒಂದೇ ಸಮನಾಗಿ ಇಳಿಯುತ್ತದೆ. ಗಡಿಯು ತಡೆಯಲಾರದ ಆ ಪಾಠವನ್ನು ಒಂದು ತೊಟ್ಟು ನೀರು ತಡೆಯಬಲ್ಲುದು! ಈ ನೀರು ಎಲ್ಲಿ ನಿಂತು ತಡೆಯುತ್ತದೆ, ಅದರಲ್ಲಿ ನಮ್ಮ ಕೈಮೀರಿದ್ದು ಎಷ್ಟು, ನಮ್ಮ ಕೈಯಲ್ಲಿರುವುದು ಎಷ್ಟು ಎಂಬುದೇ ಈ ಪಾಠದ ವಿಷಯ.

೧. ಸಂಕೇತವು ಬರುವ ದಾರಿ

ಭೂಮಧ್ಯರೇಖೆಯ ಮೇಲೆ ಸುಮಾರು ೩೫,೭೮೬ ಕಿಲೋಮೀಟರು ಎತ್ತರದಲ್ಲಿ ಸುತ್ತುವ ಉಪಗ್ರಹವು, ಭೂಮಿಯು ತನ್ನ ಸುತ್ತ ಒಮ್ಮೆ ತಿರುಗುವಷ್ಟು ಹೊತ್ತಿನಲ್ಲೇ ತಾನೂ ಒಂದು ಸುತ್ತು ಬರುತ್ತದೆ. ಆದುದರಿಂದ ನಮ್ಮ ಕಣ್ಣಿಗೆ ಅದು ಒಂದೆಡೆಯಲ್ಲಿಯೇ ನಿಂತಂತೆ ಇರುತ್ತದೆ. ಇಂತಹ ಉಪಗ್ರಹಗಳಿಂದ ಜಗತ್ತಿಗೆಲ್ಲ ಸುದ್ದಿ ಕಳುಹಿಸಬಹುದೆಂಬ ವಿಚಾರವನ್ನು ಆರ್ಥರ್ ಕ್ಲಾರ್ಕ್ ಎಂಬ ಇಂಗ್ಲಿಷ್ ಲೇಖಕನು ೧೯೪೫ರಲ್ಲಿಯೇ ಪ್ರಕಟಿಸಿದ್ದನು. ದೂರದರ್ಶನದ ಉಚಿತ ಡಿಶ್ ಸೇವೆಯು ಜಿಸ್ಯಾಟ್-೧೫ ಎಂಬ ಉಪಗ್ರಹವನ್ನು ಆಶ್ರಯಿಸಿದೆ. ೨೦೧೫ರ ನವೆಂಬರಿನಲ್ಲಿ ಹಾರಿಸಲಾದ ಇದು ಪೂರ್ವ ರೇಖಾಂಶ ೯೩.೫ ಡಿಗ್ರಿಯ ನೆತ್ತಿಯಲ್ಲಿ ನಿಂತಿದೆ. ಭಾರತದ ಇಂತಹ ಉಪಗ್ರಹಗಳನ್ನು ಹದ್ದಿನಲ್ಲಿಟ್ಟು ನಡೆಸುವ ಮುಖ್ಯ ನಿಯಂತ್ರಣ ಕೇಂದ್ರವು ಕರ್ನಾಟಕದ ಹಾಸನದಲ್ಲಿರುವುದು ಕನ್ನಡಿಗರು ತಿಳಿದಿರಬೇಕಾದ ಸಂಗತಿ.

ಸಿರ್ಗಾಪುರದಲ್ಲಿ ನಿಂತು ನೋಡಿದರೆ ಜಿಸ್ಯಾಟ್-೧೫ ಆಗ್ನೇಯ ದಿಕ್ಕಿನಲ್ಲಿ, ದಿಗಂತದಿಂದ ಸುಮಾರು ೬೨ ಡಿಗ್ರಿ ಮೇಲೆ ಇರುತ್ತದೆ. ಆದರೆ ಮನೆಯ ಡಿಶ್ ಅಷ್ಟು ಮೇಲ್ಮೊಗವಾಗಿ ಕಾಣುವುದಿಲ್ಲವಷ್ಟೆ? ಈಗಿನ ಡಿಶ್ಶುಗಳು ಪರವಲಯದ ಒಂದು ಪಕ್ಕದ ತುಂಡಿನಂತೆ ರಚಿತವಾಗಿರುವುದೇ ಇದಕ್ಕೆ ಕಾರಣ. ಅವು ನೋಡುವ ದಿಕ್ಕಿಗಿಂತ ನೆಟ್ಟಗೆ ನಿಂತಂತೆ ಕಾಣುತ್ತವೆ. ಇದರಿಂದ ಮಳೆಯ ನೀರು ಅವುಗಳಲ್ಲಿ ನಿಲ್ಲದೆ ಜಾರಿಹೋಗುತ್ತದೆ.

ಅಷ್ಟು ದೂರದಿಂದ ಬರುವ ಸಂಕೇತವು ಅತಿ ಕ್ಷೀಣವಾದುದು. ಡಿಶ್ ಅದನ್ನು ಒಟ್ಟುಗೂಡಿಸಿ, ಮುಂದಕ್ಕೆ ಚಾಚಿದ ತೋಳಿನ ತುದಿಯಲ್ಲಿರುವ ಎಲ್‌ಎನ್‌ಬಿ ಎಂಬ ಸಣ್ಣ ಉಪಕರಣದ ಬಾಯಿಗೆ ಹಾಕುತ್ತದೆ. ಎಲ್‌ಎನ್‌ಬಿ ಅದನ್ನು ಬಲಗೊಳಿಸಿ, ಅದರ ಆವೃತ್ತಿಯನ್ನು ತಗ್ಗಿಸಿ, ಕೇಬಲ್ಲಿನ ಮೂಲಕ ಮನೆಯೊಳಗಿನ ಸೆಟ್‌ಟಾಪ್ ಬಾಕ್ಸಿಗೆ ಕಳುಹಿಸುತ್ತದೆ. ಡಿಶ್, ಎಲ್‌ಎನ್‌ಬಿ, ಕೇಬಲ್, ಬಾಕ್ಸು ಎಂಬ ಈ ನಾಲ್ಕು ಕೊಂಡಿಗಳ ಸರಪಳಿಯಲ್ಲಿ ಮೊದಲಿನ ಮೂರೂ ಬಯಲಿನಲ್ಲಿ ಮಳೆಗೆ ಒಡ್ಡಿಕೊಂಡಿರುತ್ತವೆ.

೨. ಅಂದಿನ ಜಾಲರಿ, ಇಂದಿನ ತಟ್ಟೆ

ಉಪಗ್ರಹದ ಪಾಠವು ನಮ್ಮ ಸೀಮೆಗೆ ಹೊಸದಲ್ಲ. ೧೯೭೫ರ ಆಗಸ್ಟ್ ೧ರಿಂದ ೧೯೭೬ರ ಜುಲೈ ೩೧ರವರೆಗೆ ಭಾರತವು ಅಮೆರಿಕದ ಎಟಿಎಸ್-೬ ಎಂಬ ಉಪಗ್ರಹವನ್ನು ಎರವಲು ಪಡೆದು ಒಂದು ದೊಡ್ಡ ಪ್ರಯೋಗವನ್ನು ನಡೆಸಿತು. 'ಸೈಟ್' ಎಂದು ಹೆಸರಾದ ಈ ಯೋಜನೆಯಲ್ಲಿ ಆರು ರಾಜ್ಯಗಳ ಸುಮಾರು ೨,೪೦೦ ಹಳ್ಳಿಗಳಿಗೆ ಟೆಲಿವಿಷನ್ ಪೆಟ್ಟಿಗೆಗಳನ್ನು ಒದಗಿಸಲಾಯಿತು. ಕರ್ನಾಟಕದಲ್ಲಿ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳೂ, ಅಂದಿನ ಆಂಧ್ರಪ್ರದೇಶದಲ್ಲಿ ಮೆದಕ್, ಹೈದರಾಬಾದ್, ಮಹಬೂಬ್‌ನಗರ, ಕರ್ನೂಲು ಜಿಲ್ಲೆಗಳೂ ಇದರಲ್ಲಿ ಸೇರಿದ್ದವು. ಇಂದು ಸಂಗಾರೆಡ್ಡಿ ಜಿಲ್ಲೆಯಲ್ಲಿರುವ ಜಹೀರಾಬಾದ್, ನಾರಾಯಣಖೇಡ್ ಪ್ರಾಂತಗಳು ಅಂದು ಮೆದಕ್ ಜಿಲ್ಲೆಗೆ ಸೇರಿದ್ದುವೆಂಬುದು ಹಿರಿಯರಿಗೆ ಗೊತ್ತೇ ಇದೆ. ದಿನಕ್ಕೆ ನಾಲ್ಕು ಗಂಟೆಗಳ ಪ್ರಸಾರದಲ್ಲಿ ಬೆಳಗಿನ ಒಂದೂವರೆ ಗಂಟೆ ಶಾಲಾಮಕ್ಕಳಿಗೆ ಮೀಸಲು. ಪ್ರಸಾರದ ಭಾಷೆಗಳಲ್ಲಿ ಕನ್ನಡ, ತೆಲುಗು ಎರಡೂ ಇದ್ದವು.

ಆ ಕಾಲದ ಅಂಟೆನಾ ಸುಮಾರು ಮೂರು ಮೀಟರು ಅಗಲವಿದ್ದು, ಕೋಳಿಗೂಡಿಗೆ ಹೊದಿಸುವಂತಹ ತಂತಿಯ ಜಾಲರಿಯಿಂದ ಮಾಡಿದುದಾಗಿತ್ತು. ಜಾಲರಿಯ ಕಿಂಡಿಗಳಲ್ಲಿ ಸಂಕೇತ ಸೋರಿಹೋಗುತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ಇಲ್ಲಿ ಒಂದು ಮುಖ್ಯ ತತ್ತ್ವವಿದೆ. ಒಂದು ಅಲೆಯ ನೆತ್ತಿಯಿಂದ ಮುಂದಿನ ಅಲೆಯ ನೆತ್ತಿಯವರೆಗಿನ ದೂರಕ್ಕೆ ತರಂಗದೂರವೆನ್ನುತ್ತಾರೆ. ಅಂದಿನ ಸಂಕೇತದ ಆವೃತ್ತಿ ೮೬೦ ಮೆಗಾಹರ್ಟ್ಸ್. ಬೆಳಕಿನ ವೇಗವಾದ ಸೆಕೆಂಡಿಗೆ ೩೦ ಕೋಟಿ ಮೀಟರನ್ನು ಆವೃತ್ತಿಯಿಂದ ಭಾಗಿಸಿದರೆ ತರಂಗದೂರವು ಸುಮಾರು ೩೫ ಸೆಂಟಿಮೀಟರು, ಅಂದರೆ ಮುಕ್ಕಾಲು ಮೊಳದಷ್ಟು ಎಂದು ತಿಳಿಯುತ್ತದೆ. ಅಷ್ಟು ನೀಳವಾದ ಅಲೆಗೆ ಸಣ್ಣ ಕಿಂಡಿಗಳ ಜಾಲರಿಯು ಗೋಡೆಯೇ ಸರಿ. ಅಂತೆಯೇ ಅದಕ್ಕೆ ಮಳೆಯ ಹನಿ ಲೆಕ್ಕಕ್ಕೇ ಇಲ್ಲ. ನೀಳ ಅಲೆಯು ಹನಿಗಳನ್ನು ಬಳಸಿಕೊಂಡು ಸಾಗಿಬಿಡುತ್ತದೆ.

ಇಂದಿನ ಮನೆಯ ಡಿಶ್ಶಿಗೆ ಬರುವ ಸಂಕೇತದ ಆವೃತ್ತಿ ಸುಮಾರು ೧೧ರಿಂದ ೧೨ ಗಿಗಾಹರ್ಟ್ಸ್. ಲೆಕ್ಕ ಮಾಡಿದರೆ ತರಂಗದೂರವು ಎರಡೂವರೆ ಸೆಂಟಿಮೀಟರಿನ ಆಸುಪಾಸು. ಅಲೆ ಗಿಡ್ಡವಾದುದರಿಂದಲೇ ಮೂರು ಮೀಟರಿನ ಜಾಲರಿಯ ಕೆಲಸವನ್ನು ೬೦ರಿಂದ ೯೦ ಸೆಂಟಿಮೀಟರಿನ ತಟ್ಟೆ ಮಾಡಬಲ್ಲುದು. ಆದರೆ ಈ ಸೌಕರ್ಯಕ್ಕೆ ಬೆಲೆಯೂ ಉಂಟು. ದಪ್ಪ ಮಳೆಹನಿಯು ಕೆಲವು ಮಿಲಿಮೀಟರು ಇರುತ್ತದೆ. ೨೫ ಮಿಲಿಮೀಟರಿನ ಅಲೆಗೆ ಅದು ನಿರ್ಲಕ್ಷಿಸತಕ್ಕ ವಸ್ತುವಲ್ಲ.

೩. ನೀರು ಸಂಕೇತವನ್ನು ನುಂಗುವ ಬಗೆ

ನೀರಿನ ಅಣುವಿನ ಒಂದು ಕಡೆ ಧನವಿದ್ಯುತ್ತಿನ ಅಂಶ, ಇನ್ನೊಂದು ಕಡೆ ಋಣವಿದ್ಯುತ್ತಿನ ಅಂಶ ಹೆಚ್ಚು. ರೇಡಿಯೋ ತರಂಗವು ಹಾದುಹೋಗುವಾಗ ಈ ಅಣುಗಳು ಅದರ ತಾಳಕ್ಕೆ ಅತ್ತಿತ್ತ ಹೊರಳಲೆಳಸುತ್ತವೆ. ಹೀಗೆ ಹೊರಳುವಾಗ ತರಂಗದ ಶಕ್ತಿಯ ಒಂದಂಶವು ಶಾಖವಾಗಿ ಮುಗಿದುಹೋಗುತ್ತದೆ. ಪಟ್ಟಣದ ಮನೆಗಳಲ್ಲಿರುವ ಮೈಕ್ರೋವೇವ್ ಒಲೆಯು ಅನ್ನವನ್ನು ಬಿಸಿಮಾಡುವುದು ಈ ಗುಣದಿಂದಲೇ. ಇದಲ್ಲದೆ ಹನಿಗಳು ತರಂಗವನ್ನು ದಾರಿ ತಪ್ಪಿಸಿ ಚದರಿಸಲೂಬಲ್ಲವು.

ಇನ್ನೊಂದು ವಿಶೇಷವನ್ನು ಗಮನಿಸಿರಿ. ಹಳೆಯ ಟೆಲಿವಿಷನ್ನಿನಲ್ಲಿ ಸಂಕೇತ ಕುಗ್ಗಿದಂತೆ ಚಿತ್ರದ ಮೇಲೆ ಚುಕ್ಕೆಗಳು ಮುತ್ತಿಕೊಳ್ಳುತ್ತಿದ್ದವು. ಚಿತ್ರ ಮಸುಕಾದರೂ ಕಾಣುತ್ತಿತ್ತು, ಮಾತು ಕೇಳುತ್ತಿತ್ತು. ಇಂದಿನ ಸಂಕೇತವು ಅಂಕೆಗಳ ರೂಪದಲ್ಲಿ ಬರುತ್ತದೆ. ಬಾಕ್ಸು ಅಂಕೆಗಳನ್ನು ಓದಬಲ್ಲವರೆಗೂ ಚಿತ್ರಕ್ಕೆ ಯಾವ ಕುಂದೂ ಇಲ್ಲ. ಓದಲಾರದಾದೊಡನೆ ಚಿತ್ರವು ತುಂಡುತುಂಡಾಗಿ ನಿಂತುಬಿಡುತ್ತದೆ. ಆದುದರಿಂದ ಒಳಗೊಳಗೇ ತೇವ ಸೇರಿ ಸಂಕೇತವು ಅರ್ಧಕ್ಕಿಳಿದಿದ್ದರೂ ಬಿಸಿಲಿನ ದಿನಗಳಲ್ಲಿ ನಮಗೆ ತಿಳಿಯದು. ಮೊದಲ ಸಾಧಾರಣ ಮಳೆಗೇ ಪಾಠ ನಿಂತಾಗ ಮಳೆಯನ್ನು ದೂರುತ್ತೇವೆ. ಬುಡ ಶಿಥಿಲವಾದ ಗೋಡೆ ಬಿದ್ದಾಗ ಗಾಳಿಯನ್ನು ಹಳಿದಂತೆ!

೪. ದೋಷವು ಆಕಾಶದ್ದೋ, ಮನೆಯದೋ?

ಇದನ್ನು ನಿರ್ಣಯಿಸಲು ಯಾವ ಯಂತ್ರವೂ ಬೇಡ, ಗಡಿಯಾರವೊಂದಿದ್ದರೆ ಸಾಕು.

ಜೋರುಮಳೆ ಬಂದಾಗ ಚಿತ್ರ ನಿಂತು, ಮಳೆ ತಗ್ಗಿದ ಕೆಲವು ನಿಮಿಷಗಳಲ್ಲಿ ತಾನಾಗಿ ಮರಳಿದರೆ ಅದು ಆಕಾಶದ ತಡೆ. ಕೆಲವು ಸಲ ನಮ್ಮ ಅಂಗಳದಲ್ಲಿ ಹನಿಯೂ ಬೀಳದಿರುವಾಗ ಚಿತ್ರ ನಿಲ್ಲುವುದುಂಟು. ಇದಕ್ಕೂ ಕಾರಣವಿದೆ. ಮಳೆಹನಿಗಳಿರುವುದು ಸುಮಾರು ಐದು ಕಿಲೋಮೀಟರು ಎತ್ತರದವರೆಗೆ. ೬೨ ಡಿಗ್ರಿ ಓರೆಯಲ್ಲಿ ಬರುವ ಸಂಕೇತವು ಆ ಪದರವನ್ನು ದಾಟುವಷ್ಟರಲ್ಲಿ ನೆಲದ ಅಳತೆಯಲ್ಲಿ ಎರಡೂವರೆ ಕಿಲೋಮೀಟರಿಗಿಂತ ತುಸು ಹೆಚ್ಚು ದೂರವನ್ನು ಕ್ರಮಿಸುತ್ತದೆ. ಆದುದರಿಂದ ಆಗ್ನೇಯಕ್ಕೆ ಎರಡು ಕಿಲೋಮೀಟರಿನಾಚೆ ಸುರಿಯುವ ಮಳೆಯು ನಮ್ಮ ಚಿತ್ರವನ್ನು ನಿಲ್ಲಿಸಬಲ್ಲುದು. ಪಶ್ಚಿಮದಲ್ಲಿ ಅಷ್ಟೇ ದೂರದಲ್ಲಿ ಸುರಿಯುವ ಮಳೆ ಏನೂ ಮಾಡದು.

ಮಳೆ ನಿಂತು ಗಂಟೆಗಳು ಕಳೆದರೂ ಚಿತ್ರ ಬಾರದಿದ್ದರೆ, ಅಥವಾ ಬಿಸಿಲು ಕಾದ ಮೇಲೆಯೇ ಬರುವುದಾದರೆ, ನೀರು ಆಕಾಶದಲ್ಲಿಲ್ಲ. ನಮ್ಮ ಕೀಲಿನಲ್ಲಿಯೋ ಕೇಬಲ್ಲಿನಲ್ಲಿಯೋ ಇದೆ. ಚಳಿಗಾಲದ ಮುಂಜಾವಿನಲ್ಲಿ ಮೋಡವೇ ಇಲ್ಲದೆ ಚಿತ್ರ ಒಡೆದು, ಹೊತ್ತೇರಿದ ಮೇಲೆ ಸರಿಹೋದರೆ, ಎಲ್‌ಎನ್‌ಬಿಯ ಬಾಯಿಯ ಮೇಲೆ ಅಥವಾ ಅದರೊಳಗೆ ಇಬ್ಬನಿ ಕಟ್ಟಿದೆಯೆಂದು ತಿಳಿಯಬೇಕು. ಗಾಳಿ ಬೀಸಿದಾಗ ಮಾತ್ರ ಒಡೆದರೆ ತೇವದ ದೋಷವಲ್ಲ; ಡಿಶ್ಶಿನ ಬೋಲ್ಟು ಸಡಿಲಾಗಿದೆ.

೫. ತೇವವು ಒಳಸೇರುವ ಮೂರು ಬಾಗಿಲುಗಳು

ಮೊದಲನೆಯದು ಎಲ್‌ಎನ್‌ಬಿಯ ಬಾಯಿ. ಅದಕ್ಕೆ ತೆಳುವಾದ ಪ್ಲಾಸ್ಟಿಕ್ ಮುಚ್ಚಳವಿರುತ್ತದೆ. ಒಣಗಿದ ಪ್ಲಾಸ್ಟಿಕ್ಕನ್ನು ಸಂಕೇತವು ಗಾಜನ್ನು ಬೆಳಕು ದಾಟುವಂತೆ ದಾಟುತ್ತದೆ. ಅದರ ಮೇಲೆ ನೀರಿನ ತೆಳುಪೊರೆ ಹರಡಿದರೆ ತಡೆಯುಂಟಾಗುತ್ತದೆ. ಡಿಶ್ಶಿನ ವಿಶಾಲವಾದ ಲೋಹದ ಮೈ ಒದ್ದೆಯಾದರೆ ಆಗುವ ನಷ್ಟ ಕಡಿಮೆ. ಅಂಗೈಗಿಂತ ಚಿಕ್ಕದಾದ ಈ ಮುಚ್ಚಳ ಒದ್ದೆಯಾದರೆ ಆಗುವ ನಷ್ಟ ಹೆಚ್ಚು. ಏಕೆಂದರೆ ಡಿಶ್ ಕೂಡಿಸಿದ ಸಂಕೇತವೆಲ್ಲವೂ ಈ ಇಕ್ಕಟ್ಟಾದ ಬಾಗಿಲಿನಿಂದಲೇ ಒಳಹೋಗಬೇಕು. ಬೇಸಿಗೆಯ ಬಿಸಿಲಿಗೆ ಮುಚ್ಚಳ ಸೀಳಿದರೆ ಕೇಡು ಇನ್ನೂ ಹೆಚ್ಚು. ಹಗಲು ಒಳಗಿನ ಗಾಳಿ ಕಾದು ಹಿಗ್ಗಿ ಹೊರಬರುತ್ತದೆ. ರಾತ್ರಿ ತಣಿದು ಕುಗ್ಗುವಾಗ ಹೊರಗಿನ ತೇವದ ಗಾಳಿಯನ್ನು ಸೀಳಿನಿಂದ ಎಳೆದುಕೊಳ್ಳುತ್ತದೆ. ಹೀಗೆ ಎಲ್‌ಎನ್‌ಬಿ ಉಸಿರಾಡುತ್ತ ಉಸಿರಾಡುತ್ತ ತನ್ನೊಳಗೆ ನೀರು ತುಂಬಿಕೊಳ್ಳುತ್ತದೆ.

ಎರಡನೆಯದು ಕೇಬಲ್ಲಿನ ಕೀಲು, ಅಂದರೆ ಕೇಬಲ್ಲನ್ನು ಎಲ್‌ಎನ್‌ಬಿಗೆ ತಿರುಪುವ ಕನೆಕ್ಟರು. ಎಲ್‌ಎನ್‌ಬಿಗೆ ಬೇಕಾದ ೧೩ ಅಥವಾ ೧೮ ವೋಲ್ಟು ವಿದ್ಯುತ್ತು ಇದೇ ಕೇಬಲ್ಲಿನಲ್ಲಿ ಮೇಲೇರುತ್ತದೆ. ಕೀಲಿನಲ್ಲಿ ನೀರು ಸೇರಿದಾಗ ಈ ವಿದ್ಯುತ್ತು ವಿದ್ಯುದ್ವಿಭಜನೆಯನ್ನು ನಡೆಸಿ ಲೋಹವನ್ನು ತಿನ್ನುತ್ತದೆ. ಹುಳಿ ತಾಕಿದ ತಾಮ್ರದ ಪಾತ್ರೆಗೆ ಬರುವಂತಹ ಹಸಿರು ಕಿಲುಬು ಅಲ್ಲಿ ಕಾಣಿಸಿಕೊಳ್ಳುತ್ತದೆ. ನೀರು ಆರಿದರೂ ಕಿಲುಬು ಉಳಿಯುತ್ತದೆ.

ಮೂರನೆಯದು ಕೇಬಲ್ಲಿನ ಒಡಲು. ನಡುತಂತಿ, ಅದರ ಸುತ್ತ ನೊರೆಯಂತಹ ಪಾಲಿಥೀನ್, ಅದರ ಮೇಲೆ ಲೋಹದ ಹಾಳೆ ಮತ್ತು ಹೆಣೆದ ತಂತಿಬಲೆ, ಎಲ್ಲಕ್ಕೂ ಹೊರಗೆ ಕರಿಯ ತೊಗಲು: ಇದು ಅದರ ರಚನೆ. ತೊಗಲು ಸೀಳಿದರೆ ಅಥವಾ ಇಲಿ ಕಡಿದರೆ, ದೀಪದ ಬತ್ತಿಯು ಎಣ್ಣೆಯನ್ನು ಹೀರುವಂತೆ ತಂತಿಬಲೆಯು ನೀರನ್ನು ಹೀರಿ ಬಹುದೂರ ಒಯ್ಯುತ್ತದೆ. ಇದಕ್ಕೆ ಕೇಶಾಕರ್ಷಣವೆಂದು ಹೆಸರು. ಒಮ್ಮೆ ಒಳಗೆ ನೀರು ಕುಡಿದ ಕೇಬಲ್ಲನ್ನು ಬಿಸಿಲಿಗೆ ಹಾಕಿ ಸರಿಪಡಿಸಬಹುದೆಂಬ ನಂಬಿಕೆ ಹುಸಿ. ಕೆಟ್ಟಷ್ಟು ಭಾಗವನ್ನು ಕತ್ತರಿಸಿ ತೆಗೆಯಬೇಕು, ಇಲ್ಲವೆ ಹೊಸ ಕೇಬಲ್ ಎಳೆಯಬೇಕು.

೬. ಮಾಡತಕ್ಕ ಕೆಲಸಗಳು

ರೋಹಿಣಿ ಮಳೆಗೆ ಮುಂಚೆ ಮಾಳಿಗೆಗೆ ಮಣ್ಣು ಹಾಕಿ ಸೋರದಂತೆ ಮಾಡುವುದು ನಮ್ಮ ಹಿರಿಯರ ವಾಡಿಕೆ. ಅದೇ ಹೊತ್ತಿಗೆ ಡಿಶ್ಶನ್ನೂ ನೋಡಿಕೊಳ್ಳುವುದು ಜಾಣತನ. ಮಾಳಿಗೆ ಹತ್ತುವ ಕೆಲಸ ದೊಡ್ಡವರದು, ಮಕ್ಕಳದಲ್ಲ. ಗುಡುಗು ಮಿಂಚು ಇರುವಾಗ ಯಾರೂ ಹತ್ತಬಾರದು. ಕೇಬಲ್ಲನ್ನು ಬಿಚ್ಚುವ ಮೊದಲು ಬಾಕ್ಸಿನ ವಿದ್ಯುತ್ತನ್ನು ನಿಲ್ಲಿಸಲೇಬೇಕು. ನಡುತಂತಿ ಹೊರಬಲೆಗೆ ತಾಗಿದರೆ ಬಾಕ್ಸು ಕೆಡಬಹುದು.

(ಅ) ಎಲ್‌ಎನ್‌ಬಿಯ ಮುಚ್ಚಳವನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ ಧೂಳು, ಜೇಡರಬಲೆ, ಹುಳುಗಳ ಮಣ್ಣಿನ ಗೂಡು ಇವನ್ನು ತೆಗೆಯಿರಿ. ಸೀಳಿದ್ದರೆ ಎಲ್‌ಎನ್‌ಬಿಯನ್ನು ಬದಲಾಯಿಸುವುದೇ ಒಳ್ಳೆಯದು.

(ಆ) ಮುಚ್ಚಳದ ಮೇಲೆ ಕಾರಿಗೆ ಬಳಿಯುವ ಮೇಣವನ್ನು ತೆಳ್ಳಗೆ ಸವರಿ ಒರೆಸಿರಿ. ಆಗ ನೀರು ಪೊರೆಯಾಗಿ ಹರಡದೆ, ಕೆಸುವಿನೆಲೆಯ ಮೇಲಿನಂತೆ ಮುತ್ತಾಗಿ ಉರುಳಿಹೋಗುತ್ತದೆ. ಅಮೆರಿಕದಲ್ಲಿ ಮನೆಯಂತಹ ಗಾಡಿಗಳಲ್ಲಿ ದೇಶ ಸುತ್ತುವವರು ತಮ್ಮ ಗಾಡಿಯ ನೆತ್ತಿಯ ಗುಮ್ಮಟದಾಕಾರದ ಅಂಟೆನಾಕ್ಕೂ ಇಂತಹ ಉಪಾಯವನ್ನೇ ಮಾಡುತ್ತಾರೆ. ಮೇಣದ ಬದಲು ಅಡಿಗೆಯ ಎಣ್ಣೆ ಸವರಬಾರದು. ನಮ್ಮ ಧೂಳಿನ ಸೀಮೆಯಲ್ಲಿ ಅದು ಜಿಡ್ಡಾಗಿ ಕೆಸರನ್ನು ಹಿಡಿಯುತ್ತದೆ. ಅಲ್ಯೂಮಿನಿಯಂ ಬಣ್ಣವನ್ನಂತೂ ಮುಚ್ಚಳಕ್ಕೆ ಹಚ್ಚಲೇಬಾರದು. ಲೋಹದ ಪುಡಿ ಸಂಕೇತಕ್ಕೆ ಅಡ್ಡಗೋಡೆಯಾಗುತ್ತದೆ.

(ಇ) ಎಲ್‌ಎನ್‌ಬಿಗೆ ಪ್ಲಾಸ್ಟಿಕ್ ಚೀಲ ಕಟ್ಟುವುದು ಹಲವೆಡೆ ಕಾಣುವ ವಾಡಿಕೆ. ಚೀಲ ಬಾಯಿಗೆ ಅಂಟಿಕೊಂಡರೆ ನೀರನ್ನು ಅಲ್ಲಿಯೇ ಹಿಡಿದು ನಿಲ್ಲಿಸುತ್ತದೆ. ಒಳಗಿನ ಆವಿಗೂ ಹೊರದಾರಿ ಇರದು. ಕಟ್ಟಲೇಬೇಕಾದರೆ ಮೇಲೆ, ಹಿಂದೆ ಮಾತ್ರ ಮರೆಯಾಗುವಂತೆ, ಮುಂದೆಯೂ ಕೆಳಗೂ ತೆರೆದಿರುವಂತೆ ಕೊಡೆಯ ಹಾಗೆ ಕಟ್ಟಿರಿ.

(ಈ) ಕನೆಕ್ಟರಿನ ಬಾಯಿ ಕೆಳಮೊಗವಾಗಿರಲಿ. ಅದನ್ನು ಬಿಗಿಯಾಗಿ ತಿರುಪಿ, ರಬ್ಬರಿನ ತೊಡಿಗೆಯಿದ್ದರೆ ತೊಡಿಸಿ, ಮೇಲೆ ತನಗೆ ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪನ್ನು ಸುತ್ತಿರಿ. ಸುತ್ತುವಾಗ ಕೆಳಗಿನಿಂದ ಮೇಲಕ್ಕೆ ಸುತ್ತಬೇಕು. ಆಗ ಮೇಲಿನ ಸುತ್ತು ಕೆಳಗಿನದರ ಮೇಲೆ ಕೂತು, ಮನೆಯ ಹೆಂಚಿನಂತೆ ನೀರನ್ನು ಹೊರಗೇ ಇಳಿಸುತ್ತದೆ. ಹುಳಿವಾಸನೆ ಬರುವ ಸಿಲಿಕೋನ್ ಅಂಟನ್ನು ಇಲ್ಲಿ ಹಾಕಬಾರದು. ಅದು ಒಣಗುವಾಗ ಹೊರಡುವ ಆಮ್ಲವು ತಾಮ್ರವನ್ನು ತಿನ್ನುತ್ತದೆ.

(ಉ) ಕೇಬಲ್ಲು ಗೋಡೆಯ ತೂತನ್ನು ಸೇರುವ ಮೊದಲು ತೂತಿಗಿಂತ ಒಂದು ಗೇಣು ಕೆಳಗಿಳಿದು, ಬಾಗಿ ಮೇಲೇರಿ ಒಳಹೋಗಲಿ. ಮೇಲಿನಿಂದ ಹರಿದು ಬಂದ ನೀರು ಆ ಬಾಗಿನಲ್ಲಿ ತೊಟ್ಟಿಕ್ಕಿ ಹೋಗುತ್ತದೆ, ಬಾಕ್ಸಿನವರೆಗೂ ಬರುವುದಿಲ್ಲ. ಇದಕ್ಕೆ ಒಂದು ಕಾಸೂ ಖರ್ಚಿಲ್ಲ.

(ಊ) ಮಳೆ ತೀರ ಬಾಧಿಸುವೆಡೆ ದೊಡ್ಡ ಡಿಶ್ ಹಾಕಬಹುದು. ೬೦ ಸೆಂಟಿಮೀಟರಿನ ಡಿಶ್ಶಿಗಿಂತ ೯೦ ಸೆಂಟಿಮೀಟರಿನದು ಒಂದೂವರೆ ಪಟ್ಟು ಅಗಲ. ವಿಸ್ತೀರ್ಣದಲ್ಲಿ ಎರಡೂಕಾಲು ಪಟ್ಟು. ಹಿಡಿಯುವ ಸಂಕೇತವೂ ಅಷ್ಟು ಪಟ್ಟು. ಆದರೆ ದೊಡ್ಡ ಡಿಶ್ಶನ್ನು ಗುರಿಯಿಟ್ಟು ಬಿಗಿಯಾಗಿ ನಿಲ್ಲಿಸಬೇಕು. ಅದಕ್ಕೆ ಗಾಳಿಯ ಹೊಡೆತವೂ ಹೆಚ್ಚು.

೭. ಮಕ್ಕಳು ಮಾಡಬಹುದಾದ ಪ್ರಯೋಗಗಳು

ಒಂದು ಸ್ಟೀಲಿನ ತಟ್ಟೆಯ ಅರ್ಧಕ್ಕೆ ಮೇಣದಬತ್ತಿಯನ್ನು ಉಜ್ಜಿ, ಇಡೀ ತಟ್ಟೆಗೆ ನೀರು ಚಿಮುಕಿಸಿ ಓರೆಯಾಗಿ ಹಿಡಿಯಿರಿ. ಯಾವ ಅರ್ಧವು ಬೇಗ ನೀರು ಬಿಡುತ್ತದೆ, ನೋಡಿರಿ.

ಹತ್ತಿಯ ದಾರವೊಂದನ್ನು ನೆನೆಸಿ, ಒಂದು ತುದಿಯನ್ನು ಎತ್ತರದಲ್ಲಿಯೂ ಇನ್ನೊಂದನ್ನು ತಗ್ಗಿನಲ್ಲಿಯೂ ಬಿಗಿಯಾಗಿ ಕಟ್ಟಿ ಮೇಲಿನಿಂದ ಮೆಲ್ಲಗೆ ನೀರು ಬಿಡಿರಿ. ನೀರು ಕೆಳತುದಿಯವರೆಗೂ ಓಡುತ್ತದೆ. ದಾರವನ್ನು ಸಡಿಲಿಸಿ ನಡುವೆ ಜೋಲುಬಿಡಿರಿ. ಈಗ ನೀರು ಎಲ್ಲಿ ತೊಟ್ಟಿಕ್ಕುತ್ತದೆ?

ಸೆಟ್‌ಟಾಪ್ ಬಾಕ್ಸಿನ ಪರದೆಯಲ್ಲಿ ಸಂಕೇತದ ಬಲ ಮತ್ತು ಗುಣಮಟ್ಟವನ್ನು ತೋರಿಸುವ ಪುಟವಿರುತ್ತದೆ. ದಿನಾಂಕ, ವೇಳೆ, ಹವೆ, ಗುಣಮಟ್ಟ ಎಂಬ ನಾಲ್ಕು ಕಂಬಗಳ ಕೋಷ್ಟಕವನ್ನು ನೋಟುಬುಕ್ಕಿನಲ್ಲಿ ಬರೆದು, ಬಿಸಿಲು, ಸೋನೆ, ಜಡಿಮಳೆ, ಇಬ್ಬನಿಯ ದಿನಗಳಲ್ಲಿ ತುಂಬುತ್ತ ಹೋಗಿರಿ. ಬಿಸಿಲಿನ ದಿನದ ಅಂಕಿಯೇ ತಿಂಗಳಿಂದ ತಿಂಗಳಿಗೆ ಇಳಿಯುತ್ತಿದ್ದರೆ ಕೀಲಿನಲ್ಲಿ ಕಿಲುಬು ಹತ್ತುತ್ತಿದೆಯೆಂದು ಅನುಮಾನಿಸಿ, ಚಿತ್ರ ನಿಲ್ಲುವ ಮೊದಲೇ ತಂದೆಯವರಿಗೆ ತಿಳಿಸಿರಿ.

ಉಪಸಂಹಾರ

ಸುರಿಯುವ ಮಳೆಯನ್ನು ನಿಲ್ಲಿಸಲು ಯಾರಿಂದಲೂ ಆಗದು. ನಿಲ್ಲಿಸಬೇಕೆಂದು ರೈತನ ಮಕ್ಕಳಾದ ನಾವು ಬಯಸುವುದೂ ಇಲ್ಲ. ಅದು ಕಸಿದುಕೊಳ್ಳುವ ಹತ್ತಿಪ್ಪತ್ತು ನಿಮಿಷಗಳನ್ನು ಪುಸ್ತಕ ತೆರೆದು ಓದಿ ತುಂಬಿಕೊಳ್ಳಬಹುದು. ಆದರೆ ಮಳೆ ಹೋದ ಮೇಲೂ ಕೀಲಿನಲ್ಲಿ ಉಳಿದು ದಿನಗಟ್ಟಲೆ ಪಾಠ ಕೆಡಿಸುವ ನೀರು ನಮ್ಮ ಅಲಕ್ಷ್ಯದ ಫಲ. ಒಂದು ಸುತ್ತು ಟೇಪು, ಚಿಟಿಕೆ ಮೇಣ, ಕೇಬಲ್ಲಿಗೊಂದು ಬಾಗು, ವರ್ಷಕ್ಕೊಮ್ಮೆ ಅರ್ಧ ಗಂಟೆಯ ದುಡಿಮೆ: ಇಷ್ಟರಿಂದ ಅದನ್ನು ದೂರವಿಡಬಹುದು. ಮೂವತ್ತಾರು ಸಾವಿರ ಕಿಲೋಮೀಟರು ದಾಟಿ ನಮ್ಮ ಮಾಳಿಗೆಯವರೆಗೆ ಬಂದ ಕನ್ನಡದ ಮಾತು ಕೊನೆಯ ಗೇಣಿನಲ್ಲಿ ನಿಂತುಹೋಗದಂತೆ ನೋಡಿಕೊಳ್ಳುವುದು ನಮ್ಮ ಕೆಲಸ.

ಅಭ್ಯಾಸ

೧. ೮೬೦ ಮೆಗಾಹರ್ಟ್ಸ್ ಮತ್ತು ೧೨ ಗಿಗಾಹರ್ಟ್ಸ್ ಸಂಕೇತಗಳ ತರಂಗದೂರಗಳನ್ನು ಲೆಕ್ಕ ಮಾಡಿರಿ.
೨. ಡಿಶ್ ಒದ್ದೆಯಾಗುವುದಕ್ಕಿಂತ ಎಲ್‌ಎನ್‌ಬಿಯ ಮುಚ್ಚಳ ಒದ್ದೆಯಾಗುವುದು ಹೆಚ್ಚು ಕೇಡೇಕೆ?
೩. ಟೇಪನ್ನು ಮೇಲಿನಿಂದ ಕೆಳಕ್ಕೆ ಸುತ್ತಿದರೆ ಏನಾಗುವುದು? ಚಿತ್ರ ಬರೆದು ತೋರಿಸಿರಿ.
೪. ೭೫ ಸೆಂಟಿಮೀಟರಿನ ಡಿಶ್ ೬೦ ಸೆಂಟಿಮೀಟರಿನದಕ್ಕಿಂತ ಎಷ್ಟು ಪಟ್ಟು ಸಂಕೇತವನ್ನು ಹಿಡಿಯುತ್ತದೆ?
೫. ಮೋಡವಿಲ್ಲದ ಮುಂಜಾವಿನಲ್ಲಿ ಮಾತ್ರ ಚಿತ್ರ ಒಡೆಯುವ ಮನೆಗೆ ನೀವು ಯಾವ ಸಲಹೆ ಕೊಡುವಿರಿ? ಕಾರಣ ಸಹಿತ ಬರೆಯಿರಿ.